ತಪ್ಪದೇ ಬನ್ನಿ, ತಪ್ಪದೇ ತನ್ನಿ

ಕರಾವಳಿಯ ಕೆಥೊಲಿಕ್ ಪ್ರಾಥಮಿಕ ಶಾಲೆಗಳಿಂದ ಮನೆಗೆ ಬರುವ ಸೂಚನೆಗಳನ್ನು ಒಂದು ಕಡೆ ಕೂಡಿಸಿ ಓದಿದರೆ ಮೊದಲು ಎದ್ದು ಕಾಣುವುದು ಅವುಗಳ ಕ್ರಿಯಾಪದ. ತನ್ನಿ, ಕಳುಹಿಸಿ, ಕಟ್ಟಿ, ಸಹಿ ಹಾಕಿ, ಹಾಜರಿರಿ. ನಾಳೆ ಬಣ್ಣದ ಉಡುಪಿನಲ್ಲಿ ಕಳುಹಿಸುವುದು. ಶನಿವಾರ ಪೂರ್ತಿ ದಿನ ತರಗತಿ ಇದೆ. ಆಧಾರ್ ನಕಲು ಕೊಡದವರು ನಾಳೆಯೇ ಕೊಡತಕ್ಕದ್ದು. ಸಭೆಗೆ ತಂದೆ ಅಥವಾ ತಾಯಿ ತಪ್ಪದೇ ಬರಬೇಕು. ಈ ‘ತಪ್ಪದೇ’ ಎಷ್ಟು ಸಲ ಬರುತ್ತದೆಂದರೆ, ಅದಿಲ್ಲದ ಸೂಚನೆ ಬಂದರೆ ಇದು ಅಷ್ಟೇನೂ ಮುಖ್ಯವಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಒಂದು ವರ್ಷದ ಡೈರಿಯನ್ನೂ ಅದೇ ವರ್ಷದ ವಾಟ್ಸ್‌ಆ್ಯಪ್ ಗ್ರೂಪನ್ನೂ ಜೂನ್‌ನಿಂದ ಏಪ್ರಿಲ್‌ವರೆಗೆ ಓದಿ ಮುಗಿಸಿದರೂ ಮಗು ಏನು ಕಲಿಯುತ್ತಿದೆ, ಯಾರ ಪಕ್ಕ ಕೂರುತ್ತಿದೆ, ನಡುವರ್ಷದಲ್ಲಿ ಗಣಿತದ ಟೀಚರ್ ಬದಲಾದದ್ದು ಏಕೆ ಎಂಬುದು ತಿಳಿಯುವುದಿಲ್ಲ. ಶಾಲೆಗೆ ಮನೆಯಿಂದ ಏನೇನು ಬೇಕು ಎಂಬುದೊಂದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಸುದ್ದಿ ಹೇಳಲು ಬಾರದೆ ಹೀಗಾಗಿದೆ ಎನ್ನುವಂತಿಲ್ಲ. ಮಂಗಳೂರು ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಊರು. 1843ರ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರ ಕೆಲಸ, ಪ್ರೊಟೆಸ್ಟೆಂಟರ ಖಾತೆಗೆ ಸೇರಿದ್ದು ಎಂದು ಬದಿಗಿಟ್ಟರೂ ಕೆಥೊಲಿಕರ ಕಡೆಯ ಪರಂಪರೆಯೇನೂ ಸಣ್ಣದಲ್ಲ. ಸೇಂಟ್ ಅಲೋಶಿಯಸ್ ಕಾಲೇಜಿನ ಜೆಸ್ವಿತರು 1897ರಲ್ಲೇ ‘ಮ್ಯಾಂಗಲೋರ್ ಮ್ಯಾಗಝಿನ್’ ಹೊರಡಿಸಿದ್ದರು. ಕನ್ನಡ ಲಿಪಿಯಲ್ಲಿ ಅಚ್ಚಾಗುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ 1938ರಲ್ಲಿ ಶುರುವಾಯಿತು. ಇನ್ನು ಶಾಲೆಗಳನ್ನು ಕಟ್ಟಿದವರ ಮಾತು ಎತ್ತಿದರೆ, ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಹುಟ್ಟಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳ ಶಾಲೆ ನಡೆಸಿದರು. ಉರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರ್‌ಗಳ ಸಂಸ್ಥೆ 1887ರಲ್ಲೂ ಬೆಥನಿ ಸಿಸ್ಟರ್‌ಗಳದ್ದು 1921ರಲ್ಲೂ ಇದೇ ಊರಲ್ಲಿ ಹುಟ್ಟಿದವು. ಇವರಲ್ಲದೆ ಹಳ್ಳಿಹಳ್ಳಿಯ ಇಗರ್ಜಿಯ ಪಕ್ಕದಲ್ಲಿ ಹಂಚಿನ ಮಾಡಿನ ಹಿರಿಯ ಪ್ರಾಥಮಿಕ ಶಾಲೆಯೊಂದು, ಅದಕ್ಕೆ ಧರ್ಮಗುರುಗಳೇ ಸಂಚಾಲಕರು. ಓದು ಬಾರದ ಮನೆಗಳಿಗೆ ಓದನ್ನು ಕೊಂಡೊಯ್ದದ್ದೇ ಈ ಶಾಲೆಗಳ ಹೆಚ್ಚುಗಾರಿಕೆ. ಇಂಥವರು ಮನೆಗೆ ಬರೆಯುವ ನಾಲ್ಕು ಸಾಲು ಹೇಗಿದೆ ಎಂದು ಕೇಳುವುದು ಕೊಂಕು ಹುಡುಕುವ ಕೆಲಸವಲ್ಲ.

ಅದೇ ಆವರಣದ ಇಗರ್ಜಿಯಲ್ಲಿ ಸುದ್ದಿ ಹೇಗೆ ಹರಿಯುತ್ತದೆ ನೋಡಿ. ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಪ್ರಕಟಣೆಗಳ ಸರದಿ. ಯಾರ ಮದುವೆ ಗೊತ್ತಾಗಿದೆ, ಯಾವ ವಾಳೆಯ (ವಾರ್ಡಿನ) ಪ್ರಾರ್ಥನಾಕೂಟ ಯಾರ ಮನೆಯಲ್ಲಿ, ಸ್ಮಶಾನದ ಪಾಗಾರಕ್ಕೆ ಎಷ್ಟು ದುಡ್ಡು ಒಟ್ಟಾಯಿತು, ಇನ್ನೆಷ್ಟು ಬೇಕು. ಬಾರದವರ ಮನೆಗೆ ವಾಳೆಯ ಮುಖಂಡರಾದ ಗುರಿಕಾರರು ಸುದ್ದಿ ಮುಟ್ಟಿಸುತ್ತಾರೆ. ಪಾಲನಾ ಮಂಡಳಿಯಲ್ಲಿ ಲೆಕ್ಕ ಕೇಳುವವರಿದ್ದಾರೆ, ಜಗಳವೂ ಆಗುತ್ತದೆ. ಸುದ್ದಿಯನ್ನು ಕಾರಣದ ಸಮೇತ, ಲೆಕ್ಕದ ಸಮೇತ ಹೇಳುವ ಪದ್ಧತಿ ಕಾಂಪೌಂಡಿನ ಈ ಬದಿಯಲ್ಲಿ ಗಟ್ಟಿಯಾಗಿಯೇ ಇದೆ. ಆಟದ ಬಯಲು ದಾಟಿ ಶಾಲೆಯ ಜಗಲಿ ಹತ್ತುವಷ್ಟರಲ್ಲಿ ಅದೇ ಸಂಚಾಲಕರ ಸಹಿಯ ಕೆಳಗೆ ‘ಕಡ್ಡಾಯವಾಗಿ’, ‘ತಪ್ಪಿದಲ್ಲಿ’ ಬಂದು ಕೂರುತ್ತವೆ.

ಇದಕ್ಕೆ ಕಾರಣ ಕೌಶಲದ ಕೊರತೆಯಲ್ಲ. ಇಗರ್ಜಿಯಲ್ಲಿ ಕೂತವರು ಆ ಸಮುದಾಯದ ಪಾಲುದಾರರು. ಶಾಲೆಯ ಗೇಟಿನ ಹೊರಗೆ ನಿಂತವರು ಸೌಲಭ್ಯ ಪಡೆಯಲು ಬಂದವರು. ಈ ಎಣಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸೂಚನೆಯ ಧಾಟಿಯೇ ಹೇಳಿಬಿಡುತ್ತದೆ. ಈ ಶಾಲೆಗಳ ಬೆಂಚುಗಳಲ್ಲಿ ಕ್ರೈಸ್ತ ಮಕ್ಕಳಷ್ಟೇ ಕೂತಿಲ್ಲ. ಬಿಲ್ಲವ, ಬಂಟ, ಮೊಗವೀರ, ಬ್ಯಾರಿ ಮನೆಗಳ ಮಕ್ಕಳಿದ್ದಾರೆ. ನಗರದ ಅಂಚಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಭಾನುವಾರ ಇಗರ್ಜಿಯಲ್ಲಿ ಹೇಳಿದ ಶಾಲೆಯ ವಿಷಯ ಇವರ ಕಿವಿಗೆ ಬೀಳುವುದಿಲ್ಲ. ಊರಿಗೆಲ್ಲ ಹೇಳಿದ್ದೇವೆ ಎಂದು ಸಂಚಾಲಕರು ತಿಳಿದಿರುತ್ತಾರೆ.

ಭಾಷೆಯ ತೊಡಕು ಬೇರೆ. ಇಲ್ಲಿನ ಮನೆಗಳಲ್ಲಿ ಆಡುವ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯ ಸೂಚನೆ ಕನ್ನಡದಲ್ಲಿ, ಅದೂ ಕಚೇರಿಯ ಕನ್ನಡದಲ್ಲಿ ಬರುತ್ತದೆ. ಇಂಗ್ಲಿಷ್ ಮಾಧ್ಯಮದ್ದು ಇಂಗ್ಲಿಷಿನಲ್ಲಿ. ಸೂಚನೆಯ ಭಾಷೆಯನ್ನೇ ಮನೆಯಲ್ಲೂ ಆಡುವವರು ಎಂದರೆ ಬಾಗಲಕೋಟೆ, ಕೊಪ್ಪಳದ ಕಡೆಯವರು. ಅವರು ಜಾತ್ರೆಗೋ ಸುಗ್ಗಿಗೋ ಊರಿಗೆ ಹೋದಾಗಲೇ ಮುಖ್ಯ ಸೂಚನೆಗಳು ಬರುವುದು, ಅಥವಾ ಗ್ರೂಪಿನಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿರುವುದು. ‘ಗ್ರೂಪಲ್ಲಿ ಹಾಕಿದ್ದೇವಲ್ಲ?’ ಎಂಬುದು ಟೀಚರ್‌ಗಳ ಬಾಯಲ್ಲಿ ನಿಂತುಬಿಟ್ಟ ವಾಕ್ಯ. ಹಾಕಿದ್ದಕ್ಕೂ ಮುಟ್ಟಿದ್ದಕ್ಕೂ ನಡುವಿನ ದೂರವನ್ನು ಅಳೆಯುವ ಕೆಲಸ ಯಾರದೂ ಅಲ್ಲ.

ಸೂಚನೆ ಬರುವ ದಾರಿಗಳನ್ನು ಒಂದೊಂದಾಗಿ ನೋಡುವುದಾದರೆ ಡೈರಿಯಿಂದ ಶುರು ಮಾಡೋಣ. ಜೂನ್‌ನಲ್ಲಿ ಪುಸ್ತಕಗಳ ಜೊತೆಗೆ ಕೊಡುವ ಈ ಪುಟ್ಟ ಪುಸ್ತಕದ ರಚನೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ರಕ್ಷಾಪುಟದ ಮೇಲೆ ಶಾಲೆಯ ಚಿತ್ರ, ಒಳಗೆ ಪಾಲಕ ಸಂತರ ಚಿತ್ರ, ಬೆಳಗಿನ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ಆಮೇಲೆ ನಿಯಮಗಳು: ಉಗುರು, ಕೂದಲು, ಶೂ, ಚಿನ್ನ ಹಾಕಿಕೊಂಡು ಬರಬಾರದು, ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚಬಾರದು. ಅದಾದ ಮೇಲೆ ರಜೆಯ ಪುಟ, ತಡವಾಗಿ ಬಂದ ದಿನಗಳ ಪುಟ, ಶುಲ್ಕದ ಪುಟ. ಪ್ರತಿಯೊಂದಕ್ಕೂ ಪೋಷಕರ ಸಹಿಗೆ ಒಂದು ಕಂಬಸಾಲು. ‘ಶರಾ’ ಎಂಬ ಕಂಬಸಾಲನ್ನು ತೆರೆದು ನೋಡಿ. ಮನೆಗೆಲಸ ಮಾಡಿಲ್ಲ, ಪುಸ್ತಕ ತಂದಿಲ್ಲ, ತರಗತಿಯಲ್ಲಿ ಮಾತಾಡುತ್ತಾನೆ. ಒಳ್ಳೆಯದನ್ನು ಬರೆಯಬಾರದೆಂದು ಎಲ್ಲೂ ಅಚ್ಚಾಗಿಲ್ಲ, ಆದರೂ ಅಲ್ಲಿ ಒಳ್ಳೆಯದು ಬರೆದದ್ದು ಅಪರೂಪ. ಹಾಗಾಗಿ ಡೈರಿಯಲ್ಲಿ ಏನೋ ಬರೆದಿದ್ದಾರೆ ಎಂದರೆ ಮನೆಯಲ್ಲಿ ಮಗುವಿನ ಮುಖ ಮೊದಲು ಬಾಡುತ್ತದೆ.

ಡೈರಿಯಲ್ಲಿ ಮೆಚ್ಚಬೇಕಾದದ್ದು ವರ್ಷದ ಕ್ಯಾಲೆಂಡರ್ ಪುಟಗಳನ್ನು. ಪರೀಕ್ಷೆ, ಹಬ್ಬ, ರಜೆ, ಕ್ರೀಡಾಕೂಟ ಎಲ್ಲವೂ ಮೊದಲೇ ಅಚ್ಚಾಗಿ ಕೈಯಲ್ಲಿರುತ್ತವೆ. ಮುಂಬಯಿಗೋ ಕುವೈತಿಗೋ ಟಿಕೆಟ್ ಮಾಡಿಸುವ ಮನೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಿಸ್ಟರ್‌ಗಳ ಶಿಸ್ತು ಎಂದು ಊರವರು ಹೊಗಳುವುದು ಸುಮ್ಮನೆ ಅಲ್ಲ.

ಸಣ್ಣ ತರಗತಿಗಳಲ್ಲಿ ಸೂಚನೆಯನ್ನು ಕಪ್ಪುಹಲಗೆಯಲ್ಲಿ ಬರೆದು ಮಕ್ಕಳಿಂದ ಡೈರಿಗೆ ಇಳಿಸಿಕೊಳ್ಳುವ ಕ್ರಮವೂ ಇದೆ. ಎರಡನೇ ತರಗತಿಯ ಮಗು ಇಳಿಸಿಕೊಂಡದ್ದರಲ್ಲಿ ‘ರಜೆ’ ಎಂಬ ಪದ ಮಾತ್ರ ದುಂಡಗೆ, ತಪ್ಪಿಲ್ಲದೆ ಇರುತ್ತದೆ. ಉಳಿದದ್ದನ್ನು ತಿಳಿಯಲು ಪಕ್ಕದ ಮನೆಯ ಮಗುವಿನ ಡೈರಿ ನೋಡಬೇಕು. ಈ ನೆಪದಲ್ಲಿ ಎರಡು ಮನೆಯ ತಾಯಂದಿರ ನಡುವೆ ಮಾತುಕತೆ ಬೆಳೆಯುತ್ತಿತ್ತು. ಗ್ರೂಪ್ ಬಂದ ಮೇಲೆ ಆ ಲಾಭವೂ ಹೋಯಿತು.

ವಾಟ್ಸ್‌ಆ್ಯಪ್ ಈ ಶಾಲೆಗಳ ಒಳಗೆ ಬಲವಾಗಿ ಬೇರುಬಿಟ್ಟದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೂ ಕಾಲ ಶಾಲೆ ಎಂದರೆ ಫೋನು. ಆ ದಿನಗಳ ಗ್ರೂಪುಗಳಲ್ಲಿ ಗದ್ದಲವಿತ್ತು, ಜೀವವೂ ಇತ್ತು. ಮಗು ಪದ್ಯ ಹೇಳಿದ ಆಡಿಯೋ, ಅಜ್ಜ ಬಿಡಿಸಿಕೊಟ್ಟ ಲೆಕ್ಕ, ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿದವರ ದೂರು, ಟೀಚರ್‌ಗೆ ಜ್ವರವಂತೆ ಎಂಬ ಕಾಳಜಿ. ಮನೆ ಮತ್ತು ಶಾಲೆ ಪರಸ್ಪರರ ಒಳಗನ್ನು ನೋಡಿದ ಕಾಲ ಅದೊಂದೇ ಇರಬೇಕು. ಶಾಲೆ ತೆರೆದ ಮೇಲೆ ಆ ಗ್ರೂಪುಗಳು ಉಳಿದವು, ಪೋಷಕರ ದನಿ ಉಳಿಯಲಿಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕಬಹುದು ಎಂಬ ಏರ್ಪಾಡು ವಾಟ್ಸ್‌ಆ್ಯಪ್‌ನಲ್ಲಿ 2018ರಿಂದಲೇ ಇತ್ತು. ಒಂದೊಂದಾಗಿ ತರಗತಿಗಳ ಗ್ರೂಪುಗಳೆಲ್ಲ ಆ ಬೀಗ ಹಾಕಿಕೊಂಡವು.

ಬೀಗ ಹಾಕಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ರಾಜಕೀಯ, ರಾತ್ರಿ ಹತ್ತಕ್ಕೆ ‘ನಾಳೆಯ ಹೋಂವರ್ಕ್ ಏನು ಟೀಚರ್?’ ಎಂಬ ಪ್ರಶ್ನೆ, ಅದಕ್ಕೆ ಹನ್ನೆರಡು ಮಂದಿಯ ‘ನನಗೂ ಹೇಳಿ’. ಇದನ್ನು ದಿನವೂ ಸಹಿಸಿಕೊಳ್ಳಿ ಎಂದು ಟೀಚರ್‌ಗೆ ಹೇಳುವುದು ಕ್ರೂರ. ಬೀಗ ಹಾಕಿದ ಮೇಲೆ ಏನು ಬರತೊಡಗಿತು ಎಂಬುದರಲ್ಲಿದೆ ನನ್ನ ತಕರಾರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಬಂದ ಸುತ್ತೋಲೆಯ ಪಿಡಿಎಫ್ ಹಾಗೆಯೇ ಮನೆಗೆ ಬರುತ್ತದೆ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಮೊದಲ ಸಾಲಿನ ಸಮೇತ. ಶಾಲೆ ನಡುವೆ ಕೂತ ಅಂಚೆಪೇದೆ. 2024ರ ಮಾರ್ಚಿನಲ್ಲಿ ಐದು, ಎಂಟು, ಒಂಬತ್ತನೇ ತರಗತಿಗಳ ಬೋರ್ಡ್ ಪರೀಕ್ಷೆ ಹೈಕೋರ್ಟ್, ಸುಪ್ರೀಂ ಕೋರ್ಟುಗಳ ನಡುವೆ ಓಡಾಡಿ, ಶುರುವಾಗಿ, ಅರ್ಧಕ್ಕೆ ನಿಂತು, ಮತ್ತೆ ಶುರುವಾದಾಗ ಹತ್ತು ವರ್ಷದ ಮಗುವಿನ ಮನೆಯವರಿಗೆ ಬೇಕಾಗಿದ್ದದ್ದು ಮೂರೇ ಮಾತು: ಪರೀಕ್ಷೆ ಇದೆಯೇ, ಯಾವಾಗ, ಹೆದರಬೇಕೇ. ಮೂರನೆಯದಕ್ಕೆ ಉತ್ತರ ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ಅದನ್ನು ಹೇಳಬೇಕಾದವರು ಆ ಮಗುವನ್ನು ದಿನವೂ ನೋಡುವ ಟೀಚರ್.

ಅಚ್ಚುಕಟ್ಟಾದ ಸೂಚನೆಗೆ ಮಾದರಿ ಬೇಕೆಂದರೆ ಮಳೆಯ ರಜೆಯದ್ದನ್ನು ನೋಡಬೇಕು. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ಆದೇಶ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ಗ್ರೂಪಿನಲ್ಲಿ ಒಂದು ಸಾಲು: ಯಾರ ಆದೇಶ, ಯಾವ ದಿನಕ್ಕೆ, ಯಾವ ತರಗತಿಗಳಿಗೆ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವ ಕಿಡಿಗೇಡಿಗಳು ಪ್ರತಿ ಮಳೆಗಾಲದಲ್ಲೂ ಇರುವುದರಿಂದ, ಶಾಲೆಯ ಸಂದೇಶ ಬಂದರೆ ಮಾತ್ರ ನಿಜ ಎಂದು ಮನೆಗಳು ಕಲಿತಿವೆ. ಬೆಳಗ್ಗೆ ಆರೂವರೆಗೆ ಟಿಫಿನ್ ಕಟ್ಟುತ್ತಲೇ ಗ್ರೂಪಿನ ಮೇಲೆ ಕಣ್ಣಿಡುವ ಮನೆಗೆ ಇದು ಎಷ್ಟು ದೊಡ್ಡದೆಂದು ಕರಾವಳಿಯ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಇಂಥ ನಂಬಿಕೆಯನ್ನು ಗಳಿಸಿಕೊಂಡ ಗ್ರೂಪು ಅದನ್ನು ಬೇರೆಲ್ಲೂ ಬಳಸದೆ ಇಟ್ಟಿದೆ ಎಂಬುದೇ ಬೇಸರ.

ನಂಬಿಕೆಯನ್ನು ಕಳೆಯುವ ಬಗೆಯೂ ಇದೆ. 2024ರ ಕೊನೆಯ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಅಪಾರ್ ಗುರುತಿನ ಸಂಖ್ಯೆಗಾಗಿ ಪೋಷಕರ ಒಪ್ಪಿಗೆ ಪತ್ರಗಳನ್ನು ಶಾಲೆಗಳು ಸಂಗ್ರಹಿಸಿದವು. ಮಗುವಿನ ಆಧಾರ್ ವಿವರವನ್ನು ಬಳಸಲು ತಂದೆತಾಯಿ ಒಪ್ಪುತ್ತಾರೋ ಇಲ್ಲವೋ ಎಂದು ಕೇಳುವ ಪತ್ರ ಅದು, ಒಪ್ಪದಿರಲೂ ಅವಕಾಶವಿದೆ. ಮನೆಗೆ ಬಂದ ಸೂಚನೆಗಳ ಧಾಟಿ ಮಾತ್ರ ಸಾಮಾನ್ಯವಾಗಿ ‘ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ನಾಳೆ ತಪ್ಪದೇ ಕಳುಹಿಸಿ’ ಎಂಬಂತಿತ್ತು. ಒಪ್ಪಿಗೆಯನ್ನು ಅಪ್ಪಣೆಯ ಧಾಟಿಯಲ್ಲಿ ಕೇಳುವುದು ಹೇಗೆಂದು ತಿಳಿಯಬೇಕಾದವರು ಈ ಸೂಚನೆಯನ್ನು ಚೌಕಟ್ಟು ಹಾಕಿ ಇಟ್ಟುಕೊಳ್ಳಬಹುದು. ಮೇಲಿನಿಂದ ಶೇಕಡಾವಾರು ಗುರಿಯ ಒತ್ತಡವಿತ್ತು, ನಿಜ. ಆದರೆ ಅಪಾರ್ ಎಂದರೇನು, ಸಹಿ ಹಾಕದಿದ್ದರೆ ಮಗುವಿಗೆ ತೊಂದರೆಯೇ ಎಂದು ಎರಡು ಸಾಲು ಸೇರಿಸಲು ಯಾವ ಅಧಿಕಾರಿಯೂ ಅಡ್ಡ ಬರುತ್ತಿರಲಿಲ್ಲ.

ಸೂಚನೆ ಸೊರಗಿದಲ್ಲಿ ಕೈತಪ್ಪುವುದು ಎಂಥ ಸೊಗಸಿನ ಅವಕಾಶ ಎಂಬುದಕ್ಕೆ ಮೊಂತಿ ಹಬ್ಬದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮೇರಿಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ತೆನೆಯ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿಯ ಕಾಳು ಸೇರಿಸಿದ ಸಸ್ಯಾಹಾರದ ಊಟ. ಶಾಲೆಯಲ್ಲೂ ಹೂವಿನ ಹಬ್ಬ ನಡೆಯುವ ಕಡೆ ಗ್ರೂಪಿಗೆ ಬರುವ ಸೂಚನೆ: ‘ನಾಳೆ ಮಕ್ಕಳ ಕೈಯಲ್ಲಿ ಹೂ ಕಳುಹಿಸಿ.’ ಅಷ್ಟೆ. ಬಿಲ್ಲವರ ಮನೆಯ ತಾಯಿ ಅಂಗಳದ ದಾಸವಾಳ, ರತ್ನಗಂಧಿ, ಬೇಲಿಯ ಬದಿಯ ಕೇಪುಳ ಕಿತ್ತು ಬಾಳೆಎಲೆಯಲ್ಲಿ ಸುತ್ತಿ ಕಳುಹಿಸುತ್ತಾಳೆ, ಸಂತೋಷದಿಂದಲೇ. ಅದೇ ತಿಂಗಳಿನ ಆಚೀಚೆ ಅವಳ ಮನೆಯಲ್ಲೂ ಕುರಲ್ ಕಟ್ಟುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಇಗರ್ಜಿಯಲ್ಲಿ ಹರಸುವ ತೆನೆಯೂ ಅವಳ ಬಾಗಿಲಿಗೆ ಕಟ್ಟುವ ತೆನೆಯೂ ಒಂದೇ ಬಯಲಿನದು. ಇದನ್ನು ಐದು ಸಾಲಿನಲ್ಲಿ ಬರೆದು ಕಳುಹಿಸಿದ್ದರೆ ಓದದೆ ಬಿಡುವ ಮನೆ ಯಾವುದಿತ್ತು? ಈ ಶಾಲೆಗಳ ಬಳಿ ಹೇಳಲಿಕ್ಕೆ ಇಷ್ಟೊಂದು ಇದೆ. ಅವು ಹೂ ತನ್ನಿ ಎಂದು ನಿಲ್ಲಿಸುತ್ತವೆ.

ನಿಲ್ಲಿಸುವುದರ ಬೆಲೆ ಎಲ್ಲ ಸಲವೂ ಬರೀ ಬೇಸರದಲ್ಲಿ ಮುಗಿಯುವುದಿಲ್ಲ. ಅಕ್ಟೋಬರಿನ ದಸರಾ ರಜೆಯಿಂದ ಕೆಲವು ದಿನ ಕಡಿದು ಡಿಸೆಂಬರಿನ ಕ್ರಿಸ್ಮಸ್ ರಜೆಗೆ ಹೊಂದಿಸಿಕೊಳ್ಳುವುದು ಇಲ್ಲಿನ ಕ್ರೈಸ್ತ ಆಡಳಿತದ ಶಾಲೆಗಳ ಹಳೆಯ ರೂಢಿ. ಒಂದು ಮಗು ಸರ್ಕಾರಿ ಶಾಲೆಯಲ್ಲೂ ಇನ್ನೊಂದು ಸಿಸ್ಟರ್‌ಗಳ ಶಾಲೆಯಲ್ಲೂ ಇರುವ ಮನೆಗೆ ದಸರಾ ಹೊತ್ತಿನಲ್ಲಿ ಅಜ್ಜಿಮನೆಗೆ ಹೋಗುವುದೇ ಫಜೀತಿ. ಸೂಚನೆಯಲ್ಲಿ ದಿನಾಂಕಗಳಷ್ಟೇ ಇರುತ್ತವೆ. ಒಟ್ಟು ರಜಾದಿನ ಅಷ್ಟೇ, ಹೊಂದಾಣಿಕೆ ಮಾತ್ರ ಬೇರೆ, ಇದಕ್ಕೆ ಇಲಾಖೆಯ ಒಪ್ಪಿಗೆ ಬೇಕು ಎಂದು ಯಾರೂ ಬರೆಯುವುದಿಲ್ಲ. ಬರೆಯದ ಜಾಗದಲ್ಲಿ ‘ನಮ್ಮ ಹಬ್ಬಕ್ಕೆ ರಜೆ ಇಲ್ಲ, ಅವರದ್ದಕ್ಕೆ ಇದೆ’ ಎಂಬ ಮಾತು ಬಂದು ಕೂರುತ್ತದೆ, ಆ ಮಾತಿಗೆ ಹೊರಗೆ ಗಿರಾಕಿಗಳು ತಯಾರಿರುತ್ತಾರೆ.

2024ರ ಫೆಬ್ರವರಿಯಲ್ಲಿ ಮಂಗಳೂರಿನ ಇಂಥದ್ದೇ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಂದೆ ನಡೆದದ್ದನ್ನು ರಾಜ್ಯವೆಲ್ಲ ನೋಡಿತು. ತರಗತಿಯಲ್ಲಿ ಟೀಚರ್ ಧರ್ಮದ ವಿಷಯವಾಗಿ ಏನೋ ಹೇಳಿದರಂತೆ ಎಂಬ ಒಂದು ಆಡಿಯೋ ಸಂದೇಶ ಫೋನಿಂದ ಫೋನಿಗೆ ಹರಿಯಿತು, ಗೇಟಿನ ಮುಂದೆ ಪ್ರತಿಭಟನೆ ನಡೆಯಿತು, ಟೀಚರನ್ನು ಆಡಳಿತ ಮಂಡಳಿ ತೆಗೆದುಹಾಕಿತು, ಸರ್ಕಾರ ತನಿಖೆಗೆ ಆದೇಶಿಸಿತು. ತರಗತಿಯಲ್ಲಿ ನಿಜಕ್ಕೂ ಏನಾಯಿತು ಎಂಬ ತೀರ್ಪು ಈ ಲೇಖನದ ಕೆಲಸವಲ್ಲ. ಪ್ರತಿಭಟನೆಗೆ ಬಂದ ರಾಜಕೀಯವನ್ನು ಯಾವ ಸೂಚನಾ ಪತ್ರವೂ ತಡೆಯುತ್ತಿರಲಿಲ್ಲ ಎಂದು ಒಪ್ಪೋಣ. ಆದರೆ ಅಂಥ ದಿನ ತನ್ನ ಮಗುವಿನ ತರಗತಿಯಲ್ಲಿ ಏನು ಪಾಠ ನಡೆಯುತ್ತಿದೆ ಎಂದು ತಿಳಿಯಬಯಸುವ ಮನೆಗೆ ಈ ಶಾಲೆಗಳಿಂದ ಸಾಧಾರಣವಾಗಿ ಬಂದಿರುವ ಸಂದೇಶಗಳ ರಾಶಿಯಲ್ಲಿ ಏನು ಸಿಗುತ್ತದೆ? ಶುಲ್ಕದ ಕೊನೆಯ ದಿನಾಂಕ ಸಿಗುತ್ತದೆ. ತರಗತಿಯ ಒಳಗಿನ ಸುದ್ದಿ ದಿನವೂ ಒಂದಿಷ್ಟು ಮನೆಗೆ ಬರುತ್ತಿದ್ದರೆ, ಒಂದು ದಿನದ ಕೆಟ್ಟ ಸುದ್ದಿಯನ್ನು ಅದರ ಪಕ್ಕದಲ್ಲಿಟ್ಟು ತೂಗಲು ಮನೆಯವರ ಹತ್ತಿರ ಏನಾದರೂ ಇರುತ್ತದೆ.

ಕಾನೂನಿನ ಕಡೆಯಿಂದ ನೋಡಿದರೆ ಈ ಶಾಲೆಗಳ ಮೇಲೆ ಒತ್ತಾಯ ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆ ಪೋಷಕರು ಬಹುಪಾಲಿರುವ ಶಾಲಾ ಸಮಿತಿಯನ್ನು ಕಲ್ಪಿಸಿತ್ತು. 2012ರ ತಿದ್ದುಪಡಿ ಅಲ್ಪಸಂಖ್ಯಾತ ಶಾಲೆಗಳಲ್ಲಿ ಅದನ್ನು ಸಲಹೆಗೆ ಸೀಮಿತಗೊಳಿಸಿತು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟಿತು. ಉಳಿದದ್ದು ಶಿಕ್ಷಕ–ರಕ್ಷಕ ಸಂಘ. ಅದರ ವಾರ್ಷಿಕ ಸಭೆಯಲ್ಲಿ ಪ್ರಾರ್ಥನೆ, ಸ್ವಾಗತ, ಯಾರೋ ವೈದ್ಯರಿಂದ ಮೊಬೈಲ್ ದುಷ್ಪರಿಣಾಮದ ಉಪನ್ಯಾಸ, ಪದಾಧಿಕಾರಿಗಳ ಆಯ್ಕೆ, ಧನ್ಯವಾದ, ಚಹಾ. ಪ್ರಶ್ನೆಗೆ ಸಮಯ ಚಹಾದ ಲೋಟ ಹಿಡಿದ ಮೇಲೆ.

ಒಳ್ಳೆಯದನ್ನು ಹತ್ತಿರದಿಂದ ನೋಡಿಲ್ಲ ಎಂದಲ್ಲ. ನನಗೆ ಗೊತ್ತಿರುವ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್ ಒಬ್ಬರಿದ್ದಾರೆ. ಅವರು ಬರೆಯುವುದಿಲ್ಲ, ಮಾತಾಡಿ ಕಳುಹಿಸುತ್ತಾರೆ, ಅದೂ ತುಳುವಿನಲ್ಲಿ. ಉತ್ತರ ಕರ್ನಾಟಕದ ಮನೆಗಳಿಗೆ ಅದನ್ನೇ ಮತ್ತೊಮ್ಮೆ ಕನ್ನಡದಲ್ಲಿ. ಸಂಜೆ ಏಳೂವರೆಯ ಹೊತ್ತಿಗೆ, ಒಂದು ನಿಮಿಷಕ್ಕಿಂತ ಕಡಿಮೆ. ನಲಿಕಲಿ ಕ್ರಮದಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ, ರ ಗ ಸ ದ ಎಂದು. ಸ್ಲೇಟಿನಲ್ಲಿ ಇದನ್ನು ಕಂಡ ಅಜ್ಜಿಯರಿಗೆ ಗಾಬರಿ: ಈ ಟೀಚರ್‌ಗೆ ಅಕ್ಷರಮಾಲೆಯೇ ಬರುವುದಿಲ್ಲವೇ? ಟೀಚರ್ ಒಂದು ಸಂಜೆ ಅದನ್ನೇ ಎತ್ತಿಕೊಂಡು, ಬರೆಯಲು ಸುಲಭವಾದ, ಒಂದರಿಂದ ಇನ್ನೊಂದು ಹುಟ್ಟುವ ಅಕ್ಷರಗಳನ್ನು ಮೊದಲು ಕಲಿಸುತ್ತೇವೆ, ಇವತ್ತು ಮಕ್ಕಳು ‘ಸರ’, ‘ಗರಗಸ’ ಓದಿದರು, ಮನೆಯಲ್ಲಿ ಗರಗಸವಿದ್ದರೆ ತೋರಿಸಿ, ಕೈಗೆ ಕೊಡಬೇಡಿ ಎಂದರು. ಬೀಡಿ ಸುರುಟುತ್ತ ಕೂತ ತಾಯಂದಿರಿಗೆ ಓದಲು ಕೈ ಬಿಡುವಿಲ್ಲ, ಕೇಳಲು ಕಿವಿ ಬಿಡುವಿದೆ. ತಂಬಾಕು, ಎಲೆ, ನೂಲು ಕೈಯಲ್ಲಿ ಓಡುತ್ತಿರುವಾಗಲೇ ಮಗು ಏನು ಕಲಿಯಿತು ಎಂದು ಅವರಿಗೆ ತಿಳಿಯಿತು. ಆ ಸಂದೇಶದಲ್ಲಿ ‘ತಪ್ಪದೇ’ ಇರಲಿಲ್ಲ. ಮಾರನೆಯ ದಿನ ಒಂದು ಮಗು ಅಪ್ಪನ ಗರಗಸದ ಚಿತ್ರ ಬಿಡಿಸಿಕೊಂಡು ಬಂದಿತ್ತಂತೆ.

ಇಂಥ ಟೀಚರ್‌ಗಳು ಎಲ್ಲ ಶಾಲೆಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಆದರೆ ಅವರು ಮಾಡುವುದು ಅವರ ಸ್ವಂತ ಖುಷಿ, ಶಾಲೆಯ ಪದ್ಧತಿಯಲ್ಲ. ಅವರು ನಿವೃತ್ತರಾದರೆ ಅದೂ ಹೋಯಿತು. ಪದ್ಧತಿ ಮಾಡಿ ಎನ್ನುವಾಗ ಬರುವ ಆಕ್ಷೇಪ ನ್ಯಾಯವಾದದ್ದೇ. ಅನುದಾನಿತ ಶಾಲೆಗಳಲ್ಲಿ ಖಾಲಿ ಹುದ್ದೆ ತುಂಬದೆ, ಆಡಳಿತ ಮಂಡಳಿ ಕೊಡುವ ಅಲ್ಪ ಸಂಬಳಕ್ಕೆ ದುಡಿಯುವ ಟೀಚರ್‌ಗಳೇ ಎರಡು ಮೂರು ತರಗತಿ ನೋಡಿಕೊಳ್ಳುತ್ತಾರೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ಯಾರಿಗೆ ಬಾಳೆಹಣ್ಣು ಯಾರಿಗೆ ಎಂಬ ಪಟ್ಟಿ, ಆನ್‌ಲೈನ್ ಮಾಹಿತಿ ತುಂಬುವುದು. ಇದರ ಮೇಲೆ ಇನ್ನೊಂದು ಬರವಣಿಗೆ ಹೇರುವುದೇ?

ಹೇರಬೇಕಾಗಿಲ್ಲ, ಬರೆದದ್ದು ಈಗಾಗಲೇ ಇದೆ. ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯಿನಿ ಓದುವ ವಾರ್ಷಿಕ ವರದಿಯನ್ನು ಯಾರಾದರೂ ಗಮನವಿಟ್ಟು ಕೇಳಿದ್ದೀರಾ? ನಾನು ಕೇಳಿದ್ದೇನೆ, ಮತ್ತು ಈ ಶಾಲೆಗಳ ಬರವಣಿಗೆಯಲ್ಲೆಲ್ಲ ಅತ್ಯುತ್ತಮವಾದದ್ದು ಅದೇ ಎಂದು ನನ್ನ ಅಭಿಪ್ರಾಯ. ಪ್ರತಿಭಾ ಕಾರಂಜಿಯಲ್ಲಿ ಯಾವ ಮಗು ಯಾವ ಹಂತದವರೆಗೆ ಹೋಯಿತು, ಶೌಚಾಲಯದ ರಿಪೇರಿಗೆ ಹಣ ಕೊಟ್ಟ ಹಳೆ ವಿದ್ಯಾರ್ಥಿ ಯಾರು, ಇಬ್ಬರು ಟೀಚರ್‌ಗಳು ಯಾವ ತರಬೇತಿಗೆ ಹೋಗಿ ಬಂದರು, ತೋಟದಲ್ಲಿ ಬೆಳೆದ ಬಸಳೆ ಬಿಸಿಯೂಟಕ್ಕೆ ಎಷ್ಟು ದಿನ ಬಂತು, ದಾಖಲಾತಿ ಎಷ್ಟು ಇಳಿಯಿತು, ಇಳಿದದ್ದಕ್ಕೆ ಏನು ಮಾಡುತ್ತಿದ್ದಾರೆ. ಹೆಸರು, ಲೆಕ್ಕ, ಕಾರಣ ಮೂರೂ ಇರುತ್ತವೆ. ಗದ್ಯ ನೇರವಾಗಿರುತ್ತದೆ, ಹೆಮ್ಮೆ ಇರುತ್ತದೆ, ಅಲ್ಲಲ್ಲಿ ಒಂದು ಸಂಕಟವೂ. ಇಡೀ ವರದಿಯಲ್ಲಿ ಆಜ್ಞಾರ್ಥದ ಕ್ರಿಯಾಪದ ಒಂದೂ ಇರುವುದಿಲ್ಲ, ಏಕೆಂದರೆ ಅದನ್ನು ಓದುವುದು ಮುಖ್ಯ ಅತಿಥಿಗಳ ಕಡೆಗೆ ತಿರುಗಿ. ಪೋಷಕರು ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ, ವೇದಿಕೆಯ ಪಕ್ಕದ ಪರದೆಯ ಸಂದಿಯಲ್ಲಿ ತಮ್ಮ ಮಗುವಿನ ಕಿರೀಟ ಕಾಣುತ್ತದೆಯೇ ಎಂದು ಕತ್ತು ಉದ್ದ ಮಾಡುತ್ತಿರುತ್ತಾರೆ.

ಆ ವರದಿಯನ್ನು ಡಿಸೆಂಬರಿನ ಒಂದು ರಾತ್ರಿ ಕೂತು ಬರೆಯುವ ಬದಲು ತಿಂಗಳಿಗೊಂದು ತುಂಡು ಬರೆದು ಮನೆಗೆ ಕಳುಹಿಸಿದರಾಯಿತು. ಜುಲೈಯ ತುಂಡಿನಲ್ಲಿ ಮಳೆಗೆ ಹೋದ ದಿನಗಳ ಲೆಕ್ಕ ಮತ್ತು ಪೂರ್ತಿ ದಿನದ ಶನಿವಾರಗಳ ಕಾರಣ, ಸೆಪ್ಟೆಂಬರಿನದ್ದರಲ್ಲಿ ತೆನೆ ಮತ್ತು ಹೂ, ಅಕ್ಟೋಬರಿನದ್ದರಲ್ಲಿ ರಜೆಯ ಹೊಂದಾಣಿಕೆ. ಬರೆಯಲು ಕೈ ಪಳಗಿದೆ, ವಿಷಯ ಕಡತದಲ್ಲಿದೆ, ಗ್ರೂಪು ಕೈಯಲ್ಲೇ ಇದೆ. ಅತಿಥಿಗಳ ಮುಂದೆ ಓದಲು ಏನೂ ಉಳಿಯುವುದಿಲ್ಲವಲ್ಲ ಎಂದರೆ, ಅವರು ಹೇಗೂ ಆ ಹೊತ್ತಿನಲ್ಲಿ ಶಾಲು ಸರಿಪಡಿಸಿಕೊಳ್ಳುತ್ತ ಗಡಿಯಾರ ನೋಡುತ್ತಿರುತ್ತಾರೆ. ಕಾರ್ಯಕ್ರಮ ಇಪ್ಪತ್ತು ನಿಮಿಷ ಬೇಗ ಮುಗಿದರೆ ಯಕ್ಷಗಾನದ ಬಣ್ಣ ಹಚ್ಚಿಸಿಕೊಂಡು ಮೂರು ಗಂಟೆಯಿಂದ ಮುಖ ತುರಿಸಿಕೊಳ್ಳದೆ ಕೂತ ನಾಲ್ಕನೇ ತರಗತಿಯವರಿಗೂ ಉಪಕಾರವೇ.